ನಾಲ್ಕು ಬದಿ ಅಳೆದಿರಿ, ಕರ್ಣ ಅಳೆದಿರಾ?

ಪ್ಲಾಟ್ ಕೊಳ್ಳುವವರು ಅಳತೆಗೆಂದು ನನ್ನ ಬಳಿ ಬರುವ ಹೊತ್ತಿಗೆ ಎಲ್ಲವನ್ನೂ ನೋಡಿಸಿಕೊಂಡೇ ಬಂದಿರುತ್ತಾರೆ. ಚೆಕ್ಕುಬಂದಿ ಓದಿಸಿರುತ್ತಾರೆ, ಇಂಚಿನ ಲೆಕ್ಕದಲ್ಲಿ ವಾಸ್ತುವಿನ ಆಯ ಹಾಕಿಸಿರುತ್ತಾರೆ. “ಸಾಹೇಬರೇ, ನಾಲ್ಕೂ ಬದಿಗೆ ಟೇಪು ಹಿಡಿದಿದ್ದೇವೆ, 30–40 ಪಕ್ಕಾ ಇದೆ” ಎನ್ನುತ್ತಾರೆ. ಕರ್ಣ, ಅಂದರೆ ಮೂಲೆಯಿಂದ ಎದುರು ಮೂಲೆಗೆ ಅಳತೆ, ಎಷ್ಟು ಬಂತು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಮೂರು ಬದಿ ಗೊತ್ತಾದರೆ ತ್ರಿಕೋನದ ಆಕಾರ ನಿಂತುಬಿಡುತ್ತದೆ. ನಾಲ್ಕು ಬದಿಯ ಆಕಾರ ನಿಲ್ಲುವುದಿಲ್ಲ. ಹಳೆಯ ಹೊರಸಿನ ಒಂದು ಮೂಲೆಯನ್ನು ದೂಡಿ ನೋಡಿ: ಕಟ್ಟಿಗೆ ಒಂದಿಂಚೂ ಕುಗ್ಗದೆ ಇಡೀ ಚೌಕಟ್ಟು ಓರೆಯಾಗುತ್ತದೆ. ಬದಿಗಳು ಅವೇ, ಬದಲಾದದ್ದು ಕೋನ. ಮೂಲೆ ಲಂಬವಾಗಿದ್ದರೆ, ಅಂದರೆ 90 ಡಿಗ್ರಿ ಇದ್ದರೆ, 30–40ರ ಪ್ಲಾಟಿನ ಎರಡೂ ಕರ್ಣಗಳು 50 ಅಡಿ ಬರಬೇಕು. ಕರ್ಣಗಳು ಸಮ ಇದ್ದ ಮಾತ್ರಕ್ಕೆ ಆಯತವಾಯಿತು ಎಂದುಕೊಳ್ಳಬೇಡಿ. ಎದುರು ಬದಿಗಳೂ ಸಮ ಇರಬೇಕು.

ಅಥಣಿ ರಸ್ತೆಯ ಕಡೆ ಪ್ಲಾಟ್ ಹಿಡಿದ ನಿವೃತ್ತ ಮಾಸ್ತರರೊಬ್ಬರಿಗೆ ಬದಿಗಳೆಲ್ಲ ಸರಿ ಇದ್ದವು. ಕರ್ಣ ಮಾತ್ರ ಒಂದು ಐವತ್ತೆರಡೂವರೆ ಅಡಿಯ ಹತ್ತಿರ, ಇನ್ನೊಂದು ನಲವತ್ತೇಳೂವರೆಯ ಹತ್ತಿರ. ಅಂದರೆ ಮೂಲೆ ಸುಮಾರು 84 ಡಿಗ್ರಿ. ಜಾಗ ಎಷ್ಟು ಹೋಯಿತು ಎಂದು ಕೇಳಿದರು. ಏಳು ಚದರ ಅಡಿ ಎಂದೆ. “ಅಷ್ಟೇ ತಾನೇ!” ಎಂದು ಚಹಾ ತರಿಸಿದರು. ಜನ ಮೋಸಹೋಗುವುದು ಇಲ್ಲಿಯೇ. ಹಿಂದಿನ ಗಡಿ ಮುಂದಿನದಕ್ಕಿಂತ ನಾಲ್ಕಡಿಗೂ ಹೆಚ್ಚು ಪಕ್ಕಕ್ಕೆ ಸರಿದಿದೆ. ಲಂಬ ಮೂಲೆಯ ಮನೆಯನ್ನು ಅದರಲ್ಲಿ ಉದ್ದಕ್ಕೂ ಕೂರಿಸಿದರೆ ಅಗಲ 26 ಅಡಿಯೂ ಸಿಗುವುದಿಲ್ಲ. ಉಳಿದದ್ದು ಎರಡು ಪಕ್ಕಕ್ಕೆ ತಲಾ 83 ಚದರ ಅಡಿಯ ಚೂಪು ತ್ರಿಕೋನಗಳಾಗಿ ಬೀಳುತ್ತದೆ. ಗೌಂಡಿ ಗೋಡೆಯನ್ನೇ ಓರೆಯಾಗಿ ಎಬ್ಬಿಸುತ್ತೇನೆ ಎಂದ. ಎಬ್ಬಿಸಬಹುದು. ಆಮೇಲೆ ಎರಡಡಿಯ ಟೈಲ್ಸ್ ಹಾಸುವಾಗ ಸಾಲಿಗೆ ಎರಡೂವರೆ ಇಂಚಿನಂತೆ ಕತ್ತರಿಸುತ್ತ ಹೋಗಬೇಕು.

ಈ ಸಿಡಿಮಿಡಿ ನನ್ನೊಬ್ಬನದಲ್ಲ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ನಮ್ಮ ವಿಜಯಪುರದವರೆಂದು ಇಲ್ಲಿಯವರ ವಾದ. ಮಹಾರಾಷ್ಟ್ರದವರು ಒಪ್ಪುವುದಿಲ್ಲ, ಆ ತಕರಾರಿಗೆ ನಾನು ಮೋಜಣಿ ಮಾಡಲಾರೆ. ಕರ್ಣವನ್ನೋ ಲಂಬವನ್ನೋ ಹೇಳದೆ ಚತುರ್ಭುಜದ ಕ್ಷೇತ್ರಫಲ ಕೇಳುವವನನ್ನು ಅವರು ‘ಲೀಲಾವತಿ’ಯಲ್ಲಿ ಪಿಶಾಚಿ ಎಂದು ಜರೆದಿದ್ದಾರೆ. ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚಿಯಂತೆ. ಎರಡನೆಯ ಜಾತಿಯವರು ಈಗ ಹೆಚ್ಚಾಗಿ ದಲಾಲಿ ಮಾಡುತ್ತಾರೆ.

ಹೊಲದ ವ್ಯವಹಾರದಲ್ಲಂತೂ ಎದುರು ಬದಿಗಳ ಸರಾಸರಿ ತೆಗೆದು, ಗುಣಿಸಿ, ಗುಂಟೆಗೆ 1089 ಚದರ ಅಡಿಯಂತೆ ಭಾಗಿಸಿ ಗುಂಟೆ ಹೇಳಿಬಿಡುತ್ತಾರೆ. ಈ ಲೆಕ್ಕ ನಿಜವಾದ ಕ್ಷೇತ್ರಕ್ಕಿಂತ ಕಡಿಮೆ ಎಂದೂ ಬರುವುದಿಲ್ಲ. ಆಯತವಿದ್ದರೆ ಸರಿಯಾಗಿ ಬರುತ್ತದೆ, ಇಲ್ಲದಿದ್ದರೆ ಹೆಚ್ಚೇ ಬರುತ್ತದೆ. ಹಾಗಾಗಿ ತಪ್ಪು ಯಾವಾಗಲೂ ಮಾರುವವರ ಕಡೆಗೇ ವಾಲುತ್ತದೆ.

ಕರ್ಣ ಅಳೆಯದಿರುವುದಕ್ಕೆ ಜನ ಕೊಡುವ ಕಾರಣ, ಪ್ಲಾಟಿನ ನಡುವೆ ಬೆಳೆದ ಜಾಲಿ ಕಂಟಿ. ಕಡಿಸಲು ಆಗದಿದ್ದರೆ ಒಂದು ಮೂಲೆಯಿಂದ ಒಂದು ಬದಿಗೆ 9 ಅಡಿ, ಇನ್ನೊಂದು ಬದಿಗೆ 12 ಅಡಿ ಗುರುತು ಹಾಕಿ. ಗುರುತಿನಿಂದ ಗುರುತಿಗೆ 15 ಅಡಿ ಬಂದರೆ ಆ ಮೂಲೆ ಲಂಬ. ಟೇಪು ಜೋಲು ಬೀಳದಂತೆ ಬಿಗಿಯಾಗಿ ಹಿಡಿಯಿರಿ; ಸಣ್ಣ ತ್ರಿಕೋನದಲ್ಲಿ ಅರ್ಧ ಇಂಚು ತಪ್ಪಿದರೂ ಹಿಂದಿನ ಗಡಿಗೆ ಹೋಗುವಷ್ಟರಲ್ಲಿ ಅದು ದೊಡ್ಡದಾಗಿರುತ್ತದೆ. ಹೊಲದ ಗಡಿಯದೇ ತಕರಾರಿದ್ದರೆ ನನ್ನ ಟೇಪು ಪುರಾವೆಯಾಗದು, ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತಿಸಿಕೊಡಲು, ಅರ್ಜಿ ಕೊಡಿ. ಅದನ್ನೂ ಮುಂಗಡ ಕೊಡುವ ಮೊದಲೇ ಮಾಡಿ.