ಬೊಟ್ಟೆಸಿನಿಯ ಪುಟ ತೆರೆದಾಗ ನಾನು ಎಡವಿದ ಜಾಗಗಳು

ಡಬಲ್ ಬೇಸ್ ಅಂದರೆ ಪಿಟೀಲಿನ ಬಳಗದ ಅತಿ ದೊಡ್ಡ, ಅತಿ ಕೆಳದನಿಯ ವಾದ್ಯ. ಅದಕ್ಕೆ ಜೊವಾನ್ನಿ ಬೊಟ್ಟೆಸಿನಿ ಬರೆದ ಎರಡನೇ ಕನ್ಸರ್ಟೊ (ಒಂದು ವಾದ್ಯವನ್ನು ಮುಂದಿಟ್ಟು, ಉಳಿದವು ಜೊತೆಗೂಡುವ ಕೃತಿ) ಮೊದಲ ಸಲ ತೆರೆದಾಗ ಅಚ್ಚಿನ ತಪ್ಪು ಅಂದುಕೊಂಡೆ. ಡಬಲ್ ಬೇಸ್ ಪುಟದಲ್ಲಿ ಎ ಮೈನರ್, ಜೊತೆಗೆ ನುಡಿಸುವ ಪಿಯಾನೊ ಪುಟದಲ್ಲಿ ಬಿ ಮೈನರ್; ಅಂದರೆ ಎರಡಕ್ಕೂ ಆಧಾರ ಸ್ವರವೇ ಬೇರೆ. ಎರಡೂ ಒಟ್ಟಿಗೆ ಹೇಗೆ ನುಡಿಯುತ್ತವೆ?

ತಪ್ಪಲ್ಲ, ತಂತಿಯ ಶ್ರುತಿ ಏರಿಸಿದ್ದಾರೆ ಅಷ್ಟೆ. ಆರ್ಕೆಸ್ಟ್ರಾದಲ್ಲಿ ಬೇಸ್‌ನ ನಾಲ್ಕು ತಂತಿಗಳು ಇ-ಎ-ಡಿ-ಜಿ. ಒಂಟಿಯಾಗಿ ನುಡಿಸುವಾಗ ನಾಲ್ಕನ್ನೂ ಒಂದು ಪೂರ್ಣ ಸ್ವರ ಮೇಲಕ್ಕೆ ಬಿಗಿಯುತ್ತಾರೆ. ಅಂದರೆ ನಮ್ಮ ಷಡ್ಜದಿಂದ ಚತುಶ್ರುತಿ ರಿಷಭದಷ್ಟು. ಹಾಡುವವರು ಶ್ರುತಿ ಏರಿಸಿದರೂ ಸ-ರಿ-ಗ ಅಂತಲೇ ಹೇಳ್ತಾರಲ್ವಾ? ಇಲ್ಲೂ ಹಾಗೇ. ಬೆರಳಿಗೆ ಎ ಮೈನರ್, ಕಿವಿಗೆ ಬಿ ಮೈನರ್. ಬಿಗಿದ ತಂತಿಯ ದನಿ ಹೊಳಪಾಗಿ ಮುಂದೆ ಬರುತ್ತದೆ. ಈಗ ಇದಕ್ಕೆಂದೇ ತೆಳುವಾದ ತಂತಿ ಸಿಗುತ್ತವೆ.

ಬೊಟ್ಟೆಸಿನಿ (1821–1889) ಇಟಲಿಯ ಕ್ರೆಮಾದವನು. ಪಿಟೀಲು ಕಲಿತ ಹುಡುಗ. ಮಿಲಾನ್‌ನ ಸಂಗೀತ ಶಾಲೆಯಲ್ಲಿ ವಿದ್ಯಾರ್ಥಿವೇತನ ಉಳಿದಿದ್ದದ್ದು ಬಸೂನ್ ಮತ್ತು ಡಬಲ್ ಬೇಸ್‌ಗೆ ಮಾತ್ರ. ಸರಿ, ಬೇಸ್ ಹಿಡಿದ! ಅವನ ವಾದ್ಯಕ್ಕೆ ಮೂರೇ ತಂತಿ. 1871ರಲ್ಲಿ ಕೈರೋದಲ್ಲಿ ವರ್ಡಿಯ 'ಐದಾ' ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕ) ಮೊದಲ ಪ್ರದರ್ಶನಕ್ಕೆ ಆರ್ಕೆಸ್ಟ್ರಾ ನಿರ್ದೇಶಿಸಿದವನೂ ಇವನೇ.

ಅವನ ನಿಜವಾದ ಮಜಾ ಇರುವುದು ಹಾರ್ಮೋನಿಕ್ಸ್‌ನಲ್ಲಿ. ತಂತಿ ಒತ್ತುವುದಿಲ್ಲ, ಬೆರಳು ಸುಮ್ನೆ ತಾಗಿಸುವುದು. ತಂತಿಯ ಉದ್ದ ಸುಮಾರು 105 ಸೆಂ.ಮೀ. ಅಂದುಕೊಳ್ಳಿ. ಬಿಡಿ ತಂತಿಯೇ ಷಡ್ಜ. ಅರ್ಧಕ್ಕೆ ತಾಗಿಸಿದರೆ ಮೇಲಿನ ಷಡ್ಜ. ಕುತ್ತಿಗೆಯ ತುದಿಯಿಂದ 35 ಸೆಂ.ಮೀ.ಗೆ, ಅಂದರೆ ಮೂರನೇ ಒಂದು ಭಾಗಕ್ಕೆ ತಾಗಿಸಿದರೆ ಅದರ ಮೇಲಿನ ಪಂಚಮ. 21 ಸೆಂ.ಮೀ.ಗೆ, ಐದನೇ ಒಂದು ಭಾಗಕ್ಕೆ ತಾಗಿಸಿದರೆ ಇನ್ನೂ ಮೇಲಿನ ಅಂತರ ಗಾಂಧಾರ. ತಂಬೂರಿಯ ಮಂದ್ರ ತಂತಿ ಮೀಟಿದಾಗ ತಾನಾಗಿ ಕೇಳಿಬರುವ ಗಾಂಧಾರ ಇದೆಯಲ್ಲ, ಅದೇ ಇದು. ಅಷ್ಟು ದಪ್ಪ ವಾದ್ಯದಿಂದ ಕೊಳಲಿನಂಥ ದನಿ ಬರುವುದು ಹೀಗೆ.

ಇಷ್ಟೆಲ್ಲ ಇದ್ದೂ ಬೊಟ್ಟೆಸಿನಿಯನ್ನು ಜನ ಮರೆತದ್ದು ಯಾಕೆ? ಎಷ್ಟೋ ಕೃತಿಗಳು ಅಚ್ಚಾಗದೆ ಕೈಬರಹದಲ್ಲೇ ಉಳಿದವು. ಮೂರು ತಂತಿಯ ಬೇಸ್ ಹಿಂದೆ ಸರಿಯಿತು. ಒಪೆರಾ ರಾಗಗಳನ್ನು ಹಿಡಿದು ಬೆಳೆಸಿದ ಫ್ಯಾಂಟಸಿಗಳನ್ನು ಜನ ಬರೀ ಕಸರತ್ತು ಅಂತ ಬದಿಗಿಟ್ಟರು. ಕೆಲವದರಲ್ಲಿ ಕಸರತ್ತು ಜಾಸ್ತಿಯೇ, ಒಪ್ಪುತ್ತೇನೆ. ಆದರೆ ಅವನ 'ಎಲಿಜಿ' (ಶೋಕಗೀತೆ) ಕೃತಿಗೆ ಆ ಮಾತು ಅಂಟುವುದಿಲ್ಲ. ಅಲ್ಲಿ ಬೇಸ್ ಹಾಡುತ್ತದೆ. 20ನೇ ಶತಮಾನದಲ್ಲಿ ಗ್ಯಾರಿ ಕಾರ್, ಥಾಮಸ್ ಮಾರ್ಟಿನ್ ಥರದ ವಾದಕರು ಬೊಟ್ಟೆಸಿನಿಯನ್ನು ಮತ್ತೆ ಕೇಳಿಸಿದರು.

ಹಳೆಯದನ್ನು ಹುಡುಕುವಾಗ ಇನ್ನೊಂದು ಹಳ್ಳ ಇದೆ. ವೆನಿಸ್‌ನ ಬೇಸ್ ವಾದಕ ಡ್ರಾಗೊನೆಟ್ಟಿ (1763–1846) ಹೆಸರಿನಲ್ಲಿ ಎ ಮೇಜರ್ ಕನ್ಸರ್ಟೊ ಒಂದು ಓಡಾಡುತ್ತದೆ. ಅದನ್ನು ಬರೆದದ್ದು ಫ್ರಾನ್ಸಿನ ಬೇಸ್ ವಾದಕ ಎದುವಾರ್ ನಾನಿ (1872–1942) ಅಂತ ಈಗ ಬಲ್ಲವರು ಹೇಳುತ್ತಾರೆ. ಡ್ರಾಗೊನೆಟ್ಟಿ ಸತ್ತು 26 ವರ್ಷ ಆದಮೇಲೆ ಹುಟ್ಟಿದವರು! ರೆಕಾರ್ಡಿಂಗ್ ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ.