ಸ್ಟಿಕ್ಕರ್‌ನಲ್ಲಿ ಬರೆಯದ ಅಂಕಿ

ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಶುರುವಾದರೆ ನನ್ನ ಫೋನಿಗೆ ಒಂದೇ ಬಗೆಯ ಕರೆಗಳು. ಬಾಗಲಕೋಟೆಯ ನವನಗರದಿಂದ ಅಕ್ಕನ ಮಗ, “ಮಾಮಾ, ಐ7 ಸಾಕೋ, ಐ9 ಬೇಕೋ?” ಎನ್ನುತ್ತಾನೆ. ಬೆಳಗಾವಿಯ ತಿಲಕವಾಡಿಯಿಂದ ಗೆಳೆಯನ ಮಗಳು, “ಕಾಕಾ, ಇಂಟೆಲ್ ಒಳ್ಳೆಯದೋ, ರೈಜೆನ್ ಒಳ್ಳೆಯದೋ?” ಎನ್ನುತ್ತಾಳೆ. ಇಬ್ಬರಿಗೂ ನಾನು ತಿರುಗಿ ಕೇಳುವುದು, ಆ ಲ್ಯಾಪ್‌ಟಾಪಿನಲ್ಲಿ ಚಿಪ್‌ಗೆ, ಅಂದರೆ ಪ್ರೊಸೆಸರಿಗೆ, ಎಷ್ಟು ವಾಟ್ ಸಿಗುತ್ತದೆ ಎಂದು. ಇಬ್ಬರೂ ಸುಮ್ಮನಾಗುತ್ತಾರೆ. ಅವರ ತಪ್ಪೇನಿಲ್ಲ; ಕೀಬೋರ್ಡಿನ ಪಕ್ಕದ ಸ್ಟಿಕ್ಕರ್‌ನಲ್ಲಿ ಆ ಅಂಕಿ ಇರುವುದಿಲ್ಲ, ಅಂಗಡಿಯ ದರಪಟ್ಟಿಯಲ್ಲಂತೂ ಇಲ್ಲವೇ ಇಲ್ಲ.

ನಾನು ವಿಜಯಪುರದಲ್ಲಿ ಮದುವೆ ವಿಡಿಯೊಗಳನ್ನು ಎಡಿಟ್ ಮಾಡುವವನು. ಈ ಪ್ರಶ್ನೆ ಕೇಳಬೇಕೆಂದು ತಿಳಿಯುವ ಹೊತ್ತಿಗೆ ನನ್ನ ಕೈಯಿಂದ ಒಂದು ಲಕ್ಷಕ್ಕೂ ಮೇಲೆ ಹೋಗಿತ್ತು. ಹೆಸರು ಬೇಡ, ಒಂದು ಕಂಪನಿಯ ತೆಳ್ಳನೆಯ ಲ್ಯಾಪ್‌ಟಾಪನ್ನು, ಒಳಗೆ ಆ ವರ್ಷದ ಅತಿ ದೊಡ್ಡ ಚಿಪ್ ಇದೆ ಎಂಬ ಒಂದೇ ಕಾರಣಕ್ಕೆ ತಂದಿದ್ದೆ. ಸಂಕ್ರಾಂತಿಯಲ್ಲಿ ಕುದುರೆಯಂತೆ ಓಡಿತು. ಬೇಸಿಗೆಯ ಲಗ್ನದ ಹಂಗಾಮು ಬಂದು ಹೊರಗೆ 42 ಡಿಗ್ರಿ ಏರಿದಾಗ, ಪಕ್ಕದ ಮೇಜಿನಲ್ಲಿದ್ದ ಹಳೆಯ ದಪ್ಪ ಯಂತ್ರ ಅದಕ್ಕಿಂತ ಮೊದಲೇ ರೆಂಡರ್, ಅಂದರೆ ಎಡಿಟ್ ಆದದ್ದನ್ನು ಅಂತಿಮ ವಿಡಿಯೊ ಮಾಡುವ ಕೆಲಸ, ಮುಗಿಸತೊಡಗಿತು.

ಲೆಕ್ಕ ಸರಳ. ಚಿಪ್ ಉಂಡ ವಾಟ್ ಎಲ್ಲ ಶಾಖವಾಗುತ್ತದೆ. ಲ್ಯಾಪ್‌ಟಾಪ್ ಚಿಪ್‌ಗಳ ಒಳಗಿನ ಉಷ್ಣತೆ ಸುಮಾರು 100 ಡಿಗ್ರಿ ಮುಟ್ಟಿದರೆ ಅವು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ತಾಮ್ರದ ಕೊಳವೆ ಮತ್ತು ಫ್ಯಾನು ಎಷ್ಟು ಶಾಖ ಹೊರಹಾಕಬಲ್ಲವು ಎನ್ನುವುದು ಚಿಪ್‌ಗೂ ಕೋಣೆಯ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಕೋಣೆ 25 ಡಿಗ್ರಿ ಇದ್ದರೆ ಅಂತರ 75. ಕೋಣೆ 40 ಆದರೆ ಅಂತರ 60. ಅಂದರೆ 100 ವಾಟ್ ಶಾಖವನ್ನು ಸಾಗಿಸುತ್ತಿದ್ದ ಅದೇ ಫ್ಯಾನು ನಮ್ಮೂರಿನ ಮೇ ತಿಂಗಳಲ್ಲಿ ಸುಮಾರು 80 ವಾಟ್‌ಗೆ ಸುಸ್ತಾಗುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಮಾಡಿದ ಪರೀಕ್ಷೆಯ ಅಂಕಿಗಳನ್ನು ಓದಿ ವಿಜಯಪುರದಲ್ಲಿ ಲ್ಯಾಪ್‌ಟಾಪ್ ಕೊಳ್ಳುವವರು ಇಷ್ಟನ್ನು ಮೊದಲು ಆ ಅಂಕಿಗಳಿಂದ ಕಳೆಯಬೇಕು. ಏರ್ ಕೂಲರ್ ಇರುವವರು ತುಸು ಕಡಿಮೆ ಕಳೆಯಲಿ.

ಲ್ಯಾಪ್‌ಟಾಪ್ ಚಿಪ್‌ಗಳ ಕಳೆದ ಎರಡು ದಶಕಗಳ ಚರಿತ್ರೆಯೆಲ್ಲ ಈ ಶಾಖದೊಂದಿಗೆ ನಡೆದ ಜಗಳವೇ. 2003ರ ಮಾರ್ಚ್‌ನಲ್ಲಿ ಇಂಟೆಲ್ ಸೆಂಟ್ರಿನೊ ಹೆಸರಿನಡಿ ಪೆಂಟಿಯಂ ಎಂ ಚಿಪ್ ತಂದಿತು. ಮೇಜಿನ ಕಂಪ್ಯೂಟರಿನ ಚಿಪ್ಪನ್ನು ಪಳಗಿಸಿ ಮಡಿಲಿಗೆ ತರುವ ಬದಲು, ಇಸ್ರೇಲಿನ ಹೈಫಾದಲ್ಲಿದ್ದ ತಂಡ ಅದನ್ನು ಲ್ಯಾಪ್‌ಟಾಪಿಗೆಂದೇ ರೂಪಿಸಿತ್ತು. 1.6 ಗಿಗಾಹರ್ಟ್ಸ್ ವೇಗದ ಆ ಚಿಪ್‌ಗೆ 24.5 ವಾಟ್ ಸಾಕಾಗಿತ್ತು. ಮೈಮೇಲೆ ಅದಕ್ಕಿಂತ ದೊಡ್ಡ ಗಿಗಾಹರ್ಟ್ಸ್ ಬರೆದುಕೊಂಡಿದ್ದ ಪೆಂಟಿಯಂ 4 ಲ್ಯಾಪ್‌ಟಾಪ್‌ಗಳಿಗೆ ಅದು ಸರಿಗಟ್ಟುತ್ತಿತ್ತು. ಮರುವರ್ಷ ಅಕ್ಟೋಬರ್‌ನಲ್ಲಿ ಇಂಟೆಲ್ 4 ಗಿಗಾಹರ್ಟ್ಸ್ ಪೆಂಟಿಯಂ 4 ಯೋಜನೆಯನ್ನೇ ಕೈಬಿಟ್ಟಿತು. ವೇಗ ಹೆಚ್ಚಿಸಲು ವೋಲ್ಟೇಜ್ ಹೆಚ್ಚಿಸಬೇಕು, ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕೊನೆಯ ಹತ್ತು ಪ್ರತಿಶತ ವೇಗಕ್ಕೆ ತೆರಬೇಕಾದ ಶಾಖ ವಿಪರೀತ. ಈ ಮಾತನ್ನು ಇಲ್ಲೇ ನೆನಪಿಟ್ಟುಕೊಳ್ಳಿ, ಮುಂದೆ ಬರುವ ಎಲ್ಲ ಚಮತ್ಕಾರಗಳ ಹಿಂದೆಯೂ ಇದೇ ಇದೆ.

2006ರಲ್ಲಿ ಪೆಂಟಿಯಂ ಎಂ ವಂಶದ ಕೋರ್ ಡ್ಯುಯೊ ಬಂತು, ಆಪಲ್ ಕೂಡ ಇಂಟೆಲ್ ಕಡೆಗೆ ವಾಲಿತು. 2008ರಲ್ಲಿ ಕೋರ್ ಐ7 ಎಂಬ ಹೆಸರು ಹುಟ್ಟಿತು. ನಮ್ಮ ಗೊಂದಲದ ಬೇರು ಇರುವುದು ಆ ಹೆಸರಿನಲ್ಲಿ. ಅದು ದರ್ಜೆಯ ಹೆಸರೇ ಹೊರತು ಸಾಮರ್ಥ್ಯದ ಅಳತೆಯಾಗಲಿಲ್ಲ. 2017ರ ಸುಮಾರಿನಲ್ಲಿ ಒಂದೇ ಅಂಗಡಿಯ ಒಂದೇ ಸಾಲಿನಲ್ಲಿದ್ದ ಎರಡು ಐ7 ಲ್ಯಾಪ್‌ಟಾಪ್‌ಗಳಲ್ಲಿ 7500ಯು ಎಂಬುದಕ್ಕೆ ಎರಡು ಕೋರ್ (ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕ), 7700ಎಚ್‌ಕ್ಯೂ ಎಂಬುದಕ್ಕೆ ನಾಲ್ಕು. ಮೊದಲನೆಯದು 15 ವಾಟ್‌ನದು, ಎರಡನೆಯದು 45 ವಾಟ್‌ನದು. ಸ್ಟಿಕ್ಕರ್ ಎರಡಕ್ಕೂ ಒಂದೇ.

ರೈಜೆನ್ ಚಿಪ್‌ಗಳ ಎಎಮ್‌ಡಿ ಕಂಪನಿಯೂ ಈ ವಿಷಯದಲ್ಲಿ ಸಂತನೇನಲ್ಲ. 2022ರಲ್ಲಿ ಅದು ಪ್ರಕಟಿಸಿದ ಹೆಸರಿಡುವ ಕ್ರಮದಲ್ಲಿ ಚಿಪ್‌ನ ವಿನ್ಯಾಸ ಎಷ್ಟು ಹಳೆಯದು ಎಂಬುದು ಮೂರನೆಯ ಅಂಕಿಯಲ್ಲಿ ಅಡಗಿತ್ತು. ರೈಜೆನ್ 7840ಎಚ್‌ಎಸ್ ಎಂದರೆ ಆಗಿನ ಹೊಸ ಝೆನ್ 4 ವಿನ್ಯಾಸ. 7520ಯು ಎಂದರೆ 2019ರ ಝೆನ್ 2. ಎರಡೂ 7ರಿಂದಲೇ ಶುರುವಾಗುತ್ತವೆ, ಎರಡೂ ‘ಹೊಸ ಸರಣಿ’. ಅಕ್ಕನ ಮಗನಿಗೆ ಇದನ್ನು ವಿವರಿಸಿದಾಗ, ಇದು ಹಳೆಯ ಬಾಟಲಿಗೆ ಹೊಸ ಚೀಟಿ ಅಂಟಿಸಿದಂತಾಯಿತಲ್ಲ ಎಂದ. ನನಗೆ ಬೇರೆ ಮಾತು ಹೊಳೆಯಲಿಲ್ಲ.

ಇತ್ತ ಇಂಟೆಲ್ ಒಂದು ಹೊಂಡಕ್ಕೆ ಬಿದ್ದಿತ್ತು. 2015ರಿಂದ 2020ರವರೆಗೆ ಅದರ ಹೆಚ್ಚು ವಾಟ್‌ನ ಎಚ್ ದರ್ಜೆಯ ಚಿಪ್‌ಗಳು 14 ನ್ಯಾನೊಮೀಟರ್ ತಂತ್ರಜ್ಞಾನದಲ್ಲೇ ಉಳಿದವು. ಈ ಅಂಕಿ ಇಳಿದಷ್ಟೂ ಅದೇ ಕೆಲಸಕ್ಕೆ ಶಾಖ ಕಡಿಮೆ. 10 ನ್ಯಾನೊಮೀಟರ್ ಬರುವುದು ವರ್ಷವರ್ಷವೂ ತಡವಾಯಿತು. ಪೈಪೋಟಿಗೆ ಕೋರ್‌ಗಳನ್ನು ಮಾತ್ರ ನಾಲ್ಕರಿಂದ ಆರಕ್ಕೆ, ಎಂಟಕ್ಕೆ ಏರಿಸಿದರು. ಅದೇ ಮನೆಗೆ ನೆಂಟರನ್ನು ತುಂಬಿದಂತಾಯಿತು. 2018ರ ಜುಲೈನಲ್ಲಿ ಆರು ಕೋರಿನ ಐ9 ಹಾಕಿಕೊಂಡು ಬಂದ ಮ್ಯಾಕ್‌ಬುಕ್ ಪ್ರೊ, ವಿಡಿಯೊ ಕೆಲಸದಲ್ಲಿ ಬಿಸಿಯಾಗಿ ತನ್ನ ಮೂಲ ವೇಗಕ್ಕಿಂತಲೂ ಕೆಳಗಿಳಿಯುತ್ತಿದೆ ಎಂದು ಬಳಕೆದಾರರು ತೋರಿಸಿಕೊಟ್ಟರು. ಸಾಫ್ಟ್‌ವೇರ್ ದೋಷ ಎಂದು ಒಪ್ಪಿಕೊಂಡ ಆಪಲ್ ಅದೇ ತಿಂಗಳು ತಿದ್ದುಪಡಿ ಬಿಡುಗಡೆ ಮಾಡಿತು. ತೆಳು ದೇಹ, ದೊಡ್ಡ ಚಿಪ್ ಎಂಬ ಜೋಡಿಯ ಮೇಲೆ ಜನರಿಗೆ ಮೊದಲ ಬಾರಿಗೆ ಅನುಮಾನ ಬಂದದ್ದು ಆಗಲೇ ಇರಬೇಕು. ನನಗೆ ಬಂದಿರಲಿಲ್ಲ ಎನ್ನುವುದು ಬೇರೆ ಮಾತು.

ಎಲ್ಲವೂ ತಿರುವುಮುರುವಾದದ್ದು 2020ರಲ್ಲಿ. ವರ್ಷದ ಆರಂಭದಲ್ಲಿ ಎಎಮ್‌ಡಿ ತನ್ನ ರೈಜೆನ್ 4000 ಸರಣಿಯನ್ನು ತೈವಾನಿನ ಚಿಪ್ ತಯಾರಕ ಟಿಎಸ್‌ಎಮ್‌ಸಿಯ 7 ನ್ಯಾನೊಮೀಟರ್‌ನಲ್ಲಿ ಮಾಡಿಸಿ, ಎಂಟು ಕೋರ್‌ಗಳನ್ನು 35 ವಾಟ್ ದರ್ಜೆಗೆ ಇಳಿಸಿತು. ನವೆಂಬರ್‌ನಲ್ಲಿ ಆಪಲ್ ಸ್ವಂತ ಎಂ1 ಚಿಪ್ ತಂದಿತು. ಅದನ್ನು ಹೊತ್ತ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇರಲಿಲ್ಲ. ಇಂಟೆಲ್‌ನ ಉತ್ತರ 2022ರ ಜನವರಿಯಲ್ಲಿ ಲ್ಯಾಪ್‌ಟಾಪಿಗೆ ತಲುಪಿತು: ವೇಗದ ಕೋರ್ ಕೆಲವು, ಮಿತವ್ಯಯದ ಸಣ್ಣ ಕೋರ್ ಕೆಲವು. ಐ7-12700ಎಚ್‌ನಲ್ಲಿ ಇವು ಆರು ಮತ್ತು ಎಂಟು. ಅದೇ ಪೀಳಿಗೆಯಿಂದ ಇಂಟೆಲ್ ಒಂದು ಪ್ರಾಮಾಣಿಕ ಕೆಲಸವನ್ನೂ ಮಾಡಿತು. ಅಲ್ಲಿಯವರೆಗೆ 45 ವಾಟ್ ಎಂಬ ಒಂದೇ ಅಂಕಿ ಮೆರೆಯುತ್ತಿದ್ದ ಜಾಗದಲ್ಲಿ ಎರಡು ಅಂಕಿ ಬರೆಯತೊಡಗಿತು: ಮೂಲ ಬಳಕೆ 45, ಗರಿಷ್ಠ 115. ಮರುವರ್ಷದ 24 ಕೋರಿನ ಐ9-13980ಎಚ್‌ಎಕ್ಸ್‌ನಲ್ಲಿ ಗರಿಷ್ಠ 157. ಇಂಥ ಯಂತ್ರಗಳ ಜೊತೆ ಬರುವ ಚಾರ್ಜರ್ ಇಟ್ಟಂಗಿಯಷ್ಟು ದಪ್ಪ ಇರುವುದು ಸುಮ್ಮನೆ ಅಲ್ಲ.

45 ಮತ್ತು 115ರ ನಡುವೆ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವವರು ಲ್ಯಾಪ್‌ಟಾಪ್ ತಯಾರಕರು. ಗ್ರಾಫಿಕ್ಸ್ ಚಿಪ್‌ಗಳಲ್ಲಿ ಈ ಹರವು ಇನ್ನೂ ದೊಡ್ಡದು: ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನಡಿ 35 ವಾಟ್‌ನಿಂದ 115 ವಾಟ್‌ವರೆಗೆ ಲ್ಯಾಪ್‌ಟಾಪ್‌ಗಳು ಬಂದಿವೆ.

ಗೇಮ್ ಆಡುವ ಹುಡುಗರು ತಿಳಿಯಬೇಕಾದದ್ದು ಇಲ್ಲಿದೆ. ಹೆಚ್ಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡಕ್ಕೂ ತಾಮ್ರದ ಕೊಳವೆ ಒಂದೇ. ಒಬ್ಬನು ಹೆಚ್ಚು ಉಂಡರೆ ಇನ್ನೊಬ್ಬನಿಗೆ ಪಾಲು ಕಡಿಮೆ. ಭಾರವಾದ ಗೇಮ್‌ಗಳಲ್ಲಿ ದುಡಿಯುವುದು ಹೆಚ್ಚಾಗಿ ಗ್ರಾಫಿಕ್ಸ್ ಚಿಪ್. ಆದ್ದರಿಂದ ಐ9ಕ್ಕೆ ಕೊಡುವ ಹೆಚ್ಚುವರಿ ದುಡ್ಡನ್ನು ಒಂದು ಮೆಟ್ಟಿಲು ಮೇಲಿನ ಗ್ರಾಫಿಕ್ಸ್‌ಗೆ ಕೊಡುವುದು ಮೇಲು. ಪ್ರೊಸೆಸರಿನಿಂದಲೇ ಗೇಮ್ ಚುರುಕಾಗಬೇಕಿದ್ದರೆ ಅದಕ್ಕೆ ಬೇಕಾದದ್ದು ಕೋರ್‌ಗಳಿಗಿಂತ ಕ್ಯಾಶ್, ಅಂದರೆ ಚಿಪ್‌ನಲ್ಲೇ ಇರುವ ಪುಟ್ಟ, ವೇಗದ ಮೆಮೊರಿ. 2023ರ ರೈಜೆನ್ 9 7945ಎಚ್‌ಎಕ್ಸ್3ಡಿ ಎಂಬ ಚಿಪ್‌ನಲ್ಲಿ ಎಎಮ್‌ಡಿ ಕೋರಿನ ಮೇಲೊಂದು ಅಟ್ಟ ಕಟ್ಟಿ ಎಲ್3 ಕ್ಯಾಶನ್ನು 128 ಎಂಬಿಗೆ ಏರಿಸಿದ್ದು ಇದೇ ಕಾರಣಕ್ಕೆ. ಗೇಮ್ ಪದೇ ಪದೇ ಕೇಳುವ ಮಾಹಿತಿ ಪಕ್ಕದ ಕಪಾಟಿನಲ್ಲಿದ್ದರೆ ದೂರದ ಉಗ್ರಾಣಕ್ಕೆ, ಅಂದರೆ ರ‍್ಯಾಮ್‌ಗೆ, ಓಡುವುದು ತಪ್ಪುತ್ತದೆ.

ನನ್ನ ಕಸುಬಿನಲ್ಲಿ ಲೆಕ್ಕ ಮತ್ತೆ ಬೇರೆ. ಮದುವೆಯ ಕ್ಯಾಮೆರಾಗಳು ಈಗ ಎಚ್.265 ಎಂಬ ಬಿಗಿಯಾಗಿ ಹಿಂಡಿದ ರೂಪದಲ್ಲಿ, ಬಣ್ಣದ ವಿವರ ಹೆಚ್ಚು ಉಳಿಸುವ 10 ಬಿಟ್ 4:2:2 ಕ್ರಮದಲ್ಲಿ ಚಿತ್ರೀಕರಿಸುತ್ತವೆ. ಇದನ್ನು ಬಿಡಿಸಿ ತೋರಿಸಲು ಪ್ರತ್ಯೇಕ ಸರ್ಕ್ಯೂಟ್ ಇಲ್ಲದಿದ್ದರೆ ಹದಿನಾರು ಕೋರ್ ಇದ್ದರೂ ಟೈಮ್‌ಲೈನ್ ತೊದಲುತ್ತದೆ. 2011ರಲ್ಲಿ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ ವಿಡಿಯೊ ಸರ್ಕ್ಯೂಟನ್ನು ಪ್ರೊಸೆಸರಿನೊಳಗೇ ಇಟ್ಟ ಇಂಟೆಲ್ ಈ ರೂಪವನ್ನು ತನ್ನ ಚಿಪ್‌ಗಳಿಗೆ ಎನ್‌ವಿಡಿಯಾಗಿಂತ ಮೊದಲೇ ಕಲಿಸಿತು. ಆಪಲ್‌ನ ಎಂ ಸರಣಿಯೂ ಬಲ್ಲದು. ಎನ್‌ವಿಡಿಯಾ ಕಲಿಸಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ನಮ್ಮ ಕಡೆ ಜಾನಪದ ಗೀತೆಗಳ ಆಲ್ಬಂ ಮಾಡುವ ಹುಡುಗರು ‘ರೈಜೆನ್ ತಂದರೂ ಸಿಕ್ಕಿಕೊಳ್ಳುತ್ತಿದೆ’ ಎಂದು ದೂರುವಾಗ ನಾನು ಮೊದಲು ವಿಚಾರಿಸುವುದು ಕ್ಯಾಮೆರಾ ಯಾವುದು ಎಂದು. ಕ್ಯಾಮೆರಾದಲ್ಲಿ ಬಣ್ಣದ ವಿವರ ಕಡಿಮೆ ಇರುವ 4:2:0 ಆರಿಸಿಕೊಂಡರೆ ಎಷ್ಟೋ ಜನರ ಲ್ಯಾಪ್‌ಟಾಪ್ ಅಲ್ಲೇ ‘ರಿಪೇರಿ’ಯಾಗುತ್ತದೆ.

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಹೈಡ್ರಾಲಿಕ್ ಬಿಡಿಭಾಗಗಳ ನಕ್ಷೆ ತೆಗೆಯುವವರಿಗೆ ಗೇಮಿನ ಲೆಕ್ಕ, ವಿಡಿಯೊದ ಲೆಕ್ಕ ಎರಡೂ ಮುಖ್ಯವಲ್ಲ. ಸಾಲಿಡ್‌ವರ್ಕ್ಸ್‌ನಂಥ ತಂತ್ರಾಂಶ ಒಂದು ಭಾಗದ ಆಕಾರ ಕಟ್ಟುವಾಗ ಬಹುಪಾಲು ಒಂದೇ ಕೋರ್ ಬಳಸುತ್ತದೆ. ಒಂದು ರಂಧ್ರ ಕೊರೆದ ಮೇಲೆಯೇ ಅದರ ಅಂಚು ಸವರಬೇಕಲ್ಲ. ಅವರಿಗೆ ಬೇಕಾದದ್ದು ಒಂದು ಕೋರಿನ ವೇಗ, ಸಾಕಷ್ಟು ರ‍್ಯಾಮ್. ಒಂದು ಕೋರಿಗೆ 157 ವಾಟ್ ಬೇಕಿಲ್ಲ, ಹಾಗಾಗಿ ಮಧ್ಯಮ ದರ್ಜೆಯ ಚಿಪ್ ಅಲ್ಲಿ ದೊಡ್ಡದರ ಹತ್ತಿರಕ್ಕೇ ಬರುತ್ತದೆ.

ಇನ್ನು ಕರೆಂಟ್. ನಮ್ಮಲ್ಲಿ ಮೇಜಿನ ಕಂಪ್ಯೂಟರ್ ಬಿಟ್ಟು ಲ್ಯಾಪ್‌ಟಾಪ್ ಹಿಡಿಯುವವರಲ್ಲಿ ಹಲವರ ಕಾರಣ, ಮಧ್ಯಾಹ್ನ ಕರೆಂಟ್ ಹೋದರೂ ಕೆಲಸ ನಿಲ್ಲಬಾರದು ಎಂಬುದು. ಆದರೆ ಗೇಮಿಂಗ್ ಲ್ಯಾಪ್‌ಟಾಪ್‌ಗಳು ಬ್ಯಾಟರಿಗೆ ಬಂದ ಕೂಡಲೇ ಗ್ರಾಫಿಕ್ಸ್‌ನ ವಾಟ್ ಕತ್ತರಿಸುತ್ತವೆ. ಆಪಲ್ ಚಿಪ್‌ಗಳು ಈ ವಿಷಯದಲ್ಲಿ ಮುಂದಿವೆ, ಗೋಡೆಯಿಂದ ಕಿತ್ತರೂ ವೇಗ ಬಹುತೇಕ ಅಷ್ಟೇ. ಬೆಲೆ ಕೇಳಿ, ಗೇಮ್‌ಗಳ ಪಟ್ಟಿ ನೋಡಿ ಹುಡುಗರು ಹಿಂದೆ ಸರಿಯುತ್ತಾರೆ. 2024ರಲ್ಲಿ ಬಂದ, ಕ್ವಾಲ್ಕಾಮ್ ಕಂಪನಿಯ ಸ್ನಾಪ್‌ಡ್ರ್ಯಾಗನ್ ಎಕ್ಸ್ ಚಿಪ್‌ನ ಲ್ಯಾಪ್‌ಟಾಪ್‌ಗಳಿಗೂ ಬ್ಯಾಟರಿಯೇ ಬಂಡವಾಳ, ಗೇಮ್‌ಗಳೇ ಕೊರತೆ. 2025ರಲ್ಲಿ ಎಎಮ್‌ಡಿ ತಂದ ರೈಜೆನ್ ಎಐ ಮ್ಯಾಕ್ಸ್ ಪ್ಲಸ್ 395, ಹದಿನಾರು ಕೋರ್ ಜೊತೆಗೆ ದೊಡ್ಡ ಗ್ರಾಫಿಕ್ಸನ್ನೂ ಒಂದೇ ಚಿಪ್‌ನಲ್ಲಿ ಸೇರಿಸಿ ಆಪಲ್‌ನ ದಾರಿಗೇ ಬಂದಿದೆ.

ಅಕ್ಕನ ಮಗ ಕೊನೆಗೆ ಐ7ನ ದಪ್ಪ ಯಂತ್ರವೊಂದನ್ನು ಕೊಂಡ. ಭಾರ ಹೆಚ್ಚು ಎಂದು ಗೊಣಗುತ್ತಾನೆ. ನನ್ನ ತೆಳು ಲ್ಯಾಪ್‌ಟಾಪ್ ಈಗಲೂ ಕೆಲಸದಲ್ಲಿದೆ. ಸೆಟ್ಟಿಂಗ್‌ನಲ್ಲಿ ಅದರ ಗರಿಷ್ಠ ವಾಟನ್ನು ನಾನೇ ಇಳಿಸಿಟ್ಟಿದ್ದೇನೆ. ಏರಿಳಿತವಿಲ್ಲದೆ ಒಂದೇ ಹದದಲ್ಲಿ ಓಡುತ್ತದೆ. ಮೇ ತಿಂಗಳಲ್ಲಿ ಮಾತ್ರ ಅದರ ರೆಂಡರ್ ನಸುಕಿನ ನಾಲ್ಕು ಗಂಟೆಗೆ, ಕಿಟಕಿ ತೆರೆದಿಟ್ಟು.