ದಿಂಡು ತೆಗೆಯುವ ಯಂತ್ರ ಕೊಳ್ಳುವ ಮುನ್ನ

ಕುಶಾಲನಗರ, ಸೋಮವಾರಪೇಟೆಯ ಸುತ್ತಮುತ್ತ ಹೋಂಸ್ಟೇ, ರೆಸಾರ್ಟ್‌ಗಳಿಗೆ ಹೆಚ್ಚಿದ ತರಕಾರಿ ಒದಗಿಸಲು ಸಣ್ಣ ಘಟಕ ತೆರೆಯುವವರು ಮೊದಲು ವಿಚಾರಿಸುವುದು ಯಂತ್ರದ ವೇಗವನ್ನು. ದಿಂಡಿನ ಜೊತೆಗೆ ಎಷ್ಟು ಒಳ್ಳೆಯ ತರಕಾರಿ ಹೊರಬೀಳುತ್ತದೆ ಎಂಬ ಪ್ರಶ್ನೆ ಅದಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ.

ದೊಣ್ಣೆ ಮೆಣಸಿನಕಾಯಿಯ ಯಂತ್ರದಲ್ಲಿ ಅಂಚು ಹರಿತವಾದ ಉಕ್ಕಿನ ಕೊಳವೆಯೊಂದು ತಿರುಗುತ್ತ ತೊಟ್ಟಿನ ಕಡೆಯಿಂದ ಇಳಿದು, ತೊಟ್ಟನ್ನೂ ಬೀಜದ ಗೊಂಚಲನ್ನೂ ಒಟ್ಟಿಗೆ ಬಿಡಿಸಿಕೊಂಡು ಬರುತ್ತದೆ. ಎಲೆಕೋಸನ್ನಾದರೆ ಬುಡ ಮೇಲಾಗಿ ಬಟ್ಟಲಿನಲ್ಲಿ ಕೂರಿಸಿ, ಶಂಕುವಿನಾಕಾರದ ಅಲಗಿನಿಂದ ಕೊರೆಯುತ್ತಾರೆ. ಎರಡರಲ್ಲೂ ಅಲಗು ಇಳಿಯುವುದು ಬಟ್ಟಲಿನ ನಡುವಿಗೆ; ದಿಂಡು ಓರೆಯಾಗಿದ್ದರೆ ಒಂದು ಬದಿಯಲ್ಲಿ ಅದರ ಚೂರು ಉಳಿದು, ಮತ್ತೊಂದು ಬದಿಯಲ್ಲಿ ಎಳೆಯ ಎಲೆಗಳು ತುಂಡಾಗುತ್ತವೆ. ಇದಕ್ಕೆ ಪರಿಹಾರವೆಂದು ಅಗಲವಾದ ಕೊಳವೆ ಹಾಕಿಸುವವರಿದ್ದಾರೆ. ವ್ಯಾಸವನ್ನು 25 ಮಿ.ಮೀ.ನಿಂದ 30 ಮಿ.ಮೀ.ಗೆ ಏರಿಸಿದರೆ ಅಷ್ಟೇ ಆಳಕ್ಕೆ ಕೊರೆದು ತೆಗೆಯುವ ಭಾಗ ಶೇಕಡಾ 44ರಷ್ಟು ಹೆಚ್ಚುತ್ತದೆ. ಅದರ ಬದಲು ಬೇರೆಬೇರೆ ಅಳತೆಯ ತೂತುಗಳಿರುವ ಹಲಗೆಯಲ್ಲಿ ಕಾಯಿಗಳನ್ನು ಮೊದಲೇ ವಿಂಗಡಿಸಿ, ಒಂದೊಂದು ಗಾತ್ರಕ್ಕೆ ಹೊಂದುವ ಬಟ್ಟಲು, ಕೊಳವೆಗಳನ್ನು ಬದಲಿಸಿಕೊಳ್ಳುವುದು ಲಾಭಕರ.

ಬೀನ್ಸ್‌ನ ತುದಿ ಕತ್ತರಿಸುವ ಯಂತ್ರದ ರೀತಿ ಬೇರೆ: ತಿರುಗುವ ಡ್ರಮ್ಮಿನ ಸೀಳುಗಳಿಂದ ಹೊರಚಾಚಿದ ತುದಿಗಳನ್ನು ಹೊರಗಿನ ಅಲಗು ಕತ್ತರಿಸುತ್ತದೆ. ವಿಪರೀತ ಡೊಂಕಾದ ಕಾಯಿಗಳ ತುದಿ ಉಳಿಯುವುದರಿಂದ ಕೊನೆಯಲ್ಲಿ ಕೈಯಿಂದ ಆರಿಸುವವರು ಬೇಕೇ ಬೇಕು. ಎಳೆ ಹಲಸಿಗೂ ಇಂಥ ಯಂತ್ರವಿದೆಯೇ ಎಂದು ಇಲ್ಲಿ ಆಗಾಗ ಕೇಳುತ್ತಾರೆ. ಮೇಣ ಅಲಗಿಗೆ ಅಂಟುವ ಕಾರಣ ಖಾದ್ಯ ತೈಲ ಸವರದೆ ಯಾವ ಯಂತ್ರವೂ ಹೆಚ್ಚು ಹೊತ್ತು ಸರಾಗವಾಗಿ ಓಡದು.

ಮೊಂಡಾದ ಅಲಗು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಜೀವಕೋಶಗಳನ್ನು ಜಜ್ಜುತ್ತದೆ. ಕೊರೆದ ಕೋಸಿನ ಅಂಚು ಹೊಳಪಿಲ್ಲದೆ ನಾರುನಾರಾಗಿ, ಮುಟ್ಟಿದರೆ ರಸ ಬೆರಳಿಗೆ ಹತ್ತುವಂತಿದ್ದರೆ ಸಾಣೆ ಹಿಡಿಸುವ ಹೊತ್ತಾಯಿತೆಂದು ತಿಳಿಯಬೇಕು. ಹಾಗೆ ಜಜ್ಜಿದ ಅಂಚು ಬೇಗ ಕಂದಾಗುತ್ತದೆ.

ಕೊಡಗಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆಯಿದೆ. ಗಾಳಿಯ ಒತ್ತಡದಿಂದ ನಡೆಯುವ ಯಂತ್ರಗಳಲ್ಲಿ, ತೇವದ ಗಾಳಿಯನ್ನು ಸೆಳೆದ ಕಂಪ್ರೆಸರ್‌ನ ತೊಟ್ಟಿಯೊಳಗೆ ನೀರು ಶೇಖರವಾಗಿ, ಅದು ಸಿಲಿಂಡರ್‌ವರೆಗೆ ಹರಿದು ಕವಾಟಗಳು ತುಕ್ಕು ಹಿಡಿಯುತ್ತವೆ. ಗಾಳಿ ಒಣಗಿಸುವ ಉಪಕರಣ ಇದ್ದರೂ ತೊಟ್ಟಿಯ ಅಡಿಯ ನಲ್ಲಿಯನ್ನು ದಿನವೂ ತೆರೆದು ನೀರು ಬಸಿಯಬೇಕು.

ಮಾರಾಟಗಾರರು ಪ್ರದರ್ಶನಕ್ಕೆ ಒಂದೇ ಅಳತೆಯ ಕಾಯಿಗಳನ್ನು ಆರಿಸಿ ತಂದಿರುತ್ತಾರೆ. ನೀವು ಎಂದಿನಂತೆ ಕೊಳ್ಳುವ ಮೂಟೆಯನ್ನೇ ಒಯ್ದು ಓಡಿಸಿ, ಒಳಹೋದ ತರಕಾರಿಯನ್ನೂ ಕಸದ ಬುಟ್ಟಿಗೆ ಬಿದ್ದುದನ್ನೂ ತೂಗಿ ನೋಡಿದ ಮೇಲೆಯೇ ಮುಂಗಡ ಕೊಡಿ.